ನಕಲಿನ ನ್ಯಾಯಬೆಲೆ



ಹಳೆಯದೊಂದು ಕ್ರಯಪತ್ರವನ್ನೋ ವಿಭಾಗದ ಡಿಕ್ರಿಯನ್ನೋ ನ್ಯಾಯಾಲಯದ ದಾಖಲೆ ಕೊಠಡಿಯಿಂದ ಅಥವಾ ಉಪನೋಂದಣಿ ಕಚೇರಿಯ ಕಪಾಟಿನಿಂದ ಹುಡುಕಿ ತೆಗೆದು, ಅದಕ್ಕೆ ನಕಲೆತ್ತಿ, ಮೊಹರೊತ್ತಿ, ಕೇಳಿದವರ ಕೈಗೆ ಕೊಡುವುದಕ್ಕಾಗಿ ಸರ್ಕಾರವು ಎಷ್ಟು ಹಣವನ್ನು ತೆಗೆದುಕೊಂಡರೆ ಅದು ನ್ಯಾಯವಾದೀತು ಎಂಬುದು ಇಂದಿನ ನನ್ನ ಉಪನ್ಯಾಸದ ವಸ್ತು. ವಿಷಯವು ಶುಷ್ಕವೆಂದು ತೋರಬಹುದು. ರಾಜ್ಯದ ಆಯವ್ಯಯದಲ್ಲಿ ಈ ಬಾಬತ್ತಿಗೆ ದೊರೆಯುವ ಸ್ಥಳವೂ ಅತ್ಯಲ್ಪವೇ. ಆದರೆ ಯಾವ ಮನುಷ್ಯನ ಇದ್ದಬದ್ದ ಎರಡು ಎಕರೆಯ ಗತಿಯು ಮೂರು ಪುಟದ ಒಂದು ಕಾಗದದ ಮೇಲೆ ನಿಂತಿರುವುದೋ ಅವನಿಗೆ ಆ ಮೂರು ಪುಟಗಳ ಬೆಲೆಯೆಷ್ಟು, ಆ ಬೆಲೆಯನ್ನು ಕಟ್ಟತಕ್ಕ ಕಿಟಕಿ ಯಾವುದು, ಕಟ್ಟಿದ ಮೇಲೆ ಕಾಗದವು ಕೈಗೆ ಬರುವುದುಂಟೋ ಇಲ್ಲವೋ ಎಂಬ ಪ್ರಶ್ನೆಗಳು ರಾಜ್ಯದ ಬೇರೆ ಎಷ್ಟೋ ಘನವಾದ ಪ್ರಶ್ನೆಗಳಿಗಿಂತ ಹತ್ತಿರದವು.

ಇಂಥ ಕಾಗದವನ್ನು ಕೇಳಿಕೊಂಡು ಬರುವವರು ಯಾರು ಎಂಬುದನ್ನು ಮೊದಲು ನೋಡೋಣ. ಭೋಗ್ಯಕ್ಕೋ ಅಡಮಾನಕ್ಕೋ ಕೊಟ್ಟ ಜಮೀನನ್ನು ಬಿಡಿಸಿಕೊಳ್ಳುವುದಕ್ಕೆ 1963ರ ಕಾಲಮಿತಿ ಕಾಯಿದೆಯು 30 ವರ್ಷಗಳ ಅವಧಿಯನ್ನು ಕೊಟ್ಟಿದೆ. ಅದಕ್ಕೆ ಹಿಂದೆ ಇದ್ದ 1908ರ ಕಾಯಿದೆಯಲ್ಲಿ ಈ ಅವಧಿ 60 ವರ್ಷಗಳಷ್ಟು ದೀರ್ಘವಾಗಿತ್ತು. ಎಂದರೆ, ತಾತನು ಅಡವಿಟ್ಟ ಹೊಲವನ್ನು ಮೊಮ್ಮಗನು ಬಿಡಿಸಿಕೊಳ್ಳುವ ಸಂಭವವನ್ನು ಶಾಸನವೇ ಮನಸ್ಸಿನಲ್ಲಿಟ್ಟುಕೊಂಡಿತ್ತೆಂದಾಯಿತು. ಆ ಮೊಮ್ಮಗನಿಗೆ ತಾತನ ಪತ್ರದ ಮೂಲಪ್ರತಿ ದೊರೆಯುವುದು ಅಪರೂಪ. ಅದು ಸಾಲ ಕೊಟ್ಟವನ ಪೆಟ್ಟಿಗೆಯಲ್ಲಿರುತ್ತದೆ. ಮೊಮ್ಮಗನ ಕೈಗೆ ಎಟುಕತಕ್ಕದ್ದು ನೋಂದಣಿ ಕಚೇರಿಯ ಒಂದನೆಯ ಪುಸ್ತಕದಲ್ಲಿ ಆ ಕಾಲದ ಗುಮಾಸ್ತನು ಕೈಯಿಂದ ಬರೆದಿಟ್ಟ ಪ್ರತಿಯೊಂದೇ.

ಎರಡನೆಯವಳು ಕೊಟ್ಟ ಮನೆಗೆ ಹೋದ ಹೆಣ್ಣುಮಗಳು. ಹಿಂದೂ ಉತ್ತರಾಧಿಕಾರ ಕಾಯಿದೆಗೆ ಕರ್ನಾಟಕವು 1994ರಲ್ಲಿಯೂ ಕೇಂದ್ರವು 2005ರಲ್ಲಿಯೂ ತಂದ ತಿದ್ದುಪಡಿಗಳಿಂದ ಪಿತ್ರಾರ್ಜಿತದಲ್ಲಿ ಅವಳಿಗೆ ಹುಟ್ಟಿನಿಂದಲೇ ಪಾಲು ಸಿದ್ಧಿಸಿದೆ. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ವಿಭಾಗವು ಆಗಿಹೋಗಿದ್ದಲ್ಲಿ ಆ ಹಕ್ಕು ಅದನ್ನು ಅಲುಗಿಸಲಾರದು. 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಬಾಯಿಮಾತಿನ ವಿಭಾಗವನ್ನು ಮುಂದೊಡ್ಡುವವರು ಸಾರ್ವಜನಿಕ ದಸ್ತಾವೇಜುಗಳ ಬೆಂಬಲವನ್ನು ತೋರಿಸಿದ ಹೊರತು ಅದನ್ನು ಸಾಮಾನ್ಯವಾಗಿ ಒಪ್ಪಲಾಗದೆಂದು ಸ್ಪಷ್ಟಪಡಿಸಿತು. ಹೀಗಾಗಿ ಅಣ್ಣತಮ್ಮಂದಿರು "ನಮ್ಮಲ್ಲಿ ಎಂದೋ ಪಾಲಾಗಿದೆ" ಎಂದಾಗ ಅದು ನಿಜವೋ ಅಲ್ಲವೋ ಎಂದು ನೋಡುವುದಕ್ಕೆ ತವರಿನ ತಾಲ್ಲೂಕಿನ ಹಳೆಯ ಪಾಲು ಪಾರೀಖತ್ತುಗಳನ್ನೂ ದಾವೆಗಳನ್ನೂ ತೆಗೆಸಿ ನೋಡುವುದಲ್ಲದೆ ಅವಳಿಗೆ ಗತ್ಯಂತರವಿಲ್ಲ. ದಾವೆಯ ನಂಬರು ಅವಳಿಗೆ ತಿಳಿಯದು, ವರ್ಷವೂ ತಿಳಿಯದು, "ನನಗಾಗ ಮದುವೆಯಾಗಿರಲಿಲ್ಲ" ಎಂಬುದಷ್ಟೇ ಅವಳು ಕೊಡಬಲ್ಲ ಕಾಲನಿರ್ದೇಶ. ನಕಲು ಅರ್ಜಿಯ ನಮೂನೆಯಲ್ಲಿ ಅಂಥ ಉತ್ತರಕ್ಕೆ ಅಂಕಣವಿಲ್ಲ.

ಮೂರನೆಯವನು ದರಖಾಸ್ತಿನ ಜಮೀನನ್ನು ಪಡೆದವನ ವಂಶದವನು. ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೆ ಮಂಜೂರಾದ ಭೂಮಿಯ ಪರಭಾರೆಯನ್ನು ನಿಷೇಧಿಸುವ 1978ರ ಕರ್ನಾಟಕದ ಕಾಯಿದೆಯು, ಕೈಬಿಟ್ಟುಹೋದ ಜಮೀನನ್ನು ಅವರಿಗೆ ಮರಳಿ ಕೊಡಿಸುವ ಮಾರ್ಗವನ್ನು ತೆರೆಯಿತು. ಇಂಥ ಅರ್ಜಿಯನ್ನು ಯುಕ್ತವಾದ ಕಾಲದೊಳಗೆ ಹಾಕಬೇಕೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಹೇಳಿದ ಮೇಲೆ, ರಾಜ್ಯದ ಶಾಸನಸಭೆಯು 2023ರಲ್ಲಿ ತಿದ್ದುಪಡಿಯೊಂದನ್ನು ತಂದು ಕಾಲದ ತಡೆಯನ್ನು ತೆಗೆದುಹಾಕಿತು. ತಡೆಯೇನೋ ಹೋಯಿತು. ಆದರೆ ಐವತ್ತು ಅರವತ್ತು ವರ್ಷಗಳ ಹಿಂದಿನ ಮೂಲ ಮಂಜೂರಾತಿ ಕಡತವಾಗಲಿ, ಸಾಗುವಳಿ ಚೀಟಿಯ ಕಚೇರಿ ಪ್ರತಿಯಾಗಲಿ, ದರಖಾಸ್ತು ರಿಜಿಸ್ಟರಿನ ಉತಾರವಾಗಲಿ ಸಿಕ್ಕದಿದ್ದರೆ ಅರ್ಜಿಯು ನಿಲ್ಲುವುದಾದರೂ ಯಾವುದರ ಮೇಲೆ? ಇಲ್ಲಿ ಒಂದು ವಿಚಿತ್ರವಾದ ಸಂಗತಿಯನ್ನು ಗಮನಿಸಬೇಕು. ನಗರದಲ್ಲಿ ನಿವೇಶನವನ್ನು ಕೊಳ್ಳುವ ಅನುಕೂಲಸ್ಥನಿಗೆ ಬೇಕಾಗುವುದು ಇತ್ತೀಚಿನ ದಾಖಲೆ. ಅತ್ಯಂತ ಹಳೆಯ ದಾಖಲೆ ಬೇಕಾಗುವುದು ಪ್ರಾಯಿಕವಾಗಿ ಅತ್ಯಂತ ಬಡವನಿಗೆ. ಶುಲ್ಕದ ಪಟ್ಟಿಯನ್ನು ತಯಾರಿಸುವವರು ಈ ಸಂಗತಿಯನ್ನು ನೆನೆದಿರುವಂತೆ ನನಗೆ ಕಾಣುವುದಿಲ್ಲ.

ದಾಖಲೆಯನ್ನು ಕಾಪಾಡಿ, ಕೇಳಿದಾಗ ಪ್ರತಿ ಕೊಡುವುದು ರಾಜಧರ್ಮದ ಅಂಗವೆಂಬ ಭಾವನೆ ನಮ್ಮಲ್ಲಿ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಕ್ಷಪಟಲವೆಂಬ ಲೆಕ್ಕಪತ್ರಗಳ ಕಚೇರಿಗೆ ಪ್ರತ್ಯೇಕ ಅಧ್ಯಾಯವುಂಟು. ಅಲ್ಲಿ ನಿಬಂಧಪುಸ್ತಕಗಳನ್ನಿಡುವ ಸ್ಥಳದ ವ್ಯವಸ್ಥೆಯನ್ನು ಹೇಳಿದೆ. ಏಳನೆಯ ಶತಮಾನದಲ್ಲಿ ಕಾಮರೂಪವನ್ನಾಳಿದ ಭಾಸ್ಕರವರ್ಮನ ನಿಧನ್‌ಪುರದ ತಾಮ್ರಶಾಸನವಂತೂ ನಮ್ಮ ಇಂದಿನ ವಿಷಯಕ್ಕೆ ನೇರವಾಗಿ ಸೇರಿದುದು. ಅವನ ಪೂರ್ವಜನಾದ ಭೂತಿವರ್ಮನು ಬ್ರಾಹ್ಮಣರಿಗೆ ಕೊಟ್ಟ ಭೂದಾನದ ಶಾಸನವು ಸುಟ್ಟುಹೋಗಿ, ಆ ಭೂಮಿಯು ಕರಕ್ಕೆ ಒಳಪಡುವ ಸ್ಥಿತಿಗೆ ಬರಲು, ಭಾಸ್ಕರವರ್ಮನು ಹೊಸ ತಗಡುಗಳಲ್ಲಿ ಅದನ್ನು ಮರಳಿ ಬರೆಯಿಸಿಕೊಟ್ಟನು. ದೃಢೀಕೃತ ನಕಲಿನ ಇತಿಹಾಸವನ್ನು ಬರೆಯುವವರು ಅದರ ಮೊದಲ ಅಧ್ಯಾಯಗಳಲ್ಲೊಂದನ್ನು ಇಲ್ಲಿಂದ ತೆಗೆಯಬಹುದು.

ಈಗಿನ ಕಾಯಿದೆಯ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1872ರ ಸಾಕ್ಷ್ಯ ಕಾಯಿದೆಯ 76ನೆಯ ಪ್ರಕರಣವು, ಸಾರ್ವಜನಿಕರಿಗೆ ನೋಡುವ ಹಕ್ಕಿರುವ ದಸ್ತಾವೇಜು ಯಾವ ಅಧಿಕಾರಿಯ ವಶದಲ್ಲಿರುವುದೋ ಅವನು, ಕೇಳಿದವನಿಂದ ಶಾಸನೋಕ್ತ ಶುಲ್ಕವನ್ನು ಪಡೆದು ದೃಢೀಕರಿಸಿದ ಪ್ರತಿಯನ್ನು ಕೊಡತಕ್ಕದ್ದೆಂದು ವಿಧಿಸಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವು ಆ ತತ್ತ್ವವನ್ನು ಹಾಗೆಯೇ ಉಳಿಸಿಕೊಂಡಿದೆ. 1908ರ ನೋಂದಣಿ ಕಾಯಿದೆಯ 57ನೆಯ ಪ್ರಕರಣದ ಔದಾರ್ಯ ಇದಕ್ಕಿಂತ ದೊಡ್ಡದು: ಸ್ಥಿರಾಸ್ತಿಯ ಪತ್ರಗಳನ್ನು ದಾಖಲಿಸುವ ಒಂದನೆಯ ಪುಸ್ತಕವೂ ಅದರ ಸೂಚಿಗಳೂ ಶುಲ್ಕ ಕಟ್ಟಿದ ಯಾವನಿಗೇ ಆಗಲಿ ಎಲ್ಲ ಕಾಲದಲ್ಲಿಯೂ ತೆರೆದಿರತಕ್ಕವು. ನೀನು ಯಾರು, ಏತಕ್ಕೆ ಬೇಕು ಎಂದು ಕೇಳುವ ಅಧಿಕಾರವನ್ನು ಕಾಯಿದೆಯು ಅಧಿಕಾರಿಗೆ ಕೊಟ್ಟಿಲ್ಲ. ಶುಲ್ಕದ ಪಟ್ಟಿಯನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ, ಅದರ ಪ್ರತಿಯನ್ನು ಇಂಗ್ಲಿಷಿನಲ್ಲಿಯೂ ಜಿಲ್ಲೆಯ ದೇಶಭಾಷೆಯಲ್ಲಿಯೂ ಪ್ರತಿಯೊಂದು ನೋಂದಣಿ ಕಚೇರಿಯಲ್ಲಿ ಜನರ ಕಣ್ಣಿಗೆ ಬೀಳುವಂತೆ ತೂಗುಹಾಕಬೇಕೆಂದು 79ನೆಯ ಪ್ರಕರಣವು ಹೇಳುತ್ತದೆ. ಆ ಫಲಕವಿರುವ ಕಚೇರಿಗಳನ್ನು ನಾನು ಕಂಡಿದ್ದೇನೆ. ಮುಂದೆ ಬೀರುವನ್ನು ನಿಲ್ಲಿಸಿ ಅದನ್ನು ಮರೆಮಾಡಿದ ಕಚೇರಿಗಳನ್ನೂ ಕಂಡಿದ್ದೇನೆ.

ಹೀಗೆ ಹಕ್ಕು ನಿಸ್ಸಂದಿಗ್ಧವಾಗಿರುವಾಗ ಬೆಲೆಯ ಮಾತು ಬರುತ್ತದೆ. ರಾಜ್ಯವು ಪ್ರಜೆಯಿಂದ ಪಡೆಯುವ ಹಣದಲ್ಲಿ ತೆರಿಗೆಗೂ ಶುಲ್ಕಕ್ಕೂ ಇರುವ ಭೇದವನ್ನು ನಮ್ಮ ಗಣರಾಜ್ಯದ ಆರಂಭದಲ್ಲಿಯೇ ಬಿಡಿಸಿ ಹೇಳಿದ ತೀರ್ಪು ಕನ್ನಡನಾಡಿನ ಒಂದು ಮಠದ ನಿಮಿತ್ತದಿಂದ ಬಂದುದು ಎಂಬುದನ್ನು ಈ ಸಭೆಯಲ್ಲಿ ನೆನೆಯಬಹುದು. ಉಡುಪಿಯ ಶಿರೂರು ಮಠದ ಶ್ರೀ ಲಕ್ಷ್ಮೀಂದ್ರತೀರ್ಥರು, ಅಂದಿನ ಮದರಾಸು ಸರ್ಕಾರದ 1951ರ ಧರ್ಮಾದಾಯ ಕಾಯಿದೆಯಂತೆ ಮಠದ ಆದಾಯದಿಂದ ವಸೂಲು ಮಾಡುತ್ತಿದ್ದ ವಂತಿಗೆಯನ್ನು ಪ್ರಶ್ನಿಸಿದರು. 1954ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಶುಲ್ಕವೆಂದರೆ ಒಂದು ನಿರ್ದಿಷ್ಟ ಸೇವೆಗಾಗಿ ಕೊಡುವ ಹಣವೆಂದೂ, ಆ ಸೇವೆಯ ವೆಚ್ಚಕ್ಕೂ ಅದಕ್ಕೂ ಸಂಬಂಧವಿರಬೇಕೆಂದೂ, ವಸೂಲಾದ ಹಣವು ರಾಜ್ಯದ ಸಾಮಾನ್ಯ ಬೊಕ್ಕಸದಲ್ಲಿ ಸೇರಿ ಕರಗಿಹೋಗುವುದಾದರೆ ಅದು ಹೆಸರು ಏನೇ ಇರಲಿ ತೆರಿಗೆಯೇ ಆಗುವುದೆಂದೂ ನಿರ್ಣಯಿಸಿತು. ಅನಂತರದ ತೀರ್ಪುಗಳು ಈ ಬಿಗಿಯನ್ನು ಸಡಿಲಿಸಿದವು. ಕರ್ನಾಟಕದ 1958ರ ನ್ಯಾಯಾಲಯ ಶುಲ್ಕ ಕಾಯಿದೆಯ ಸಿಂಧುತ್ವವನ್ನು ಪರಿಶೀಲಿಸಿದ ಅಶ್ವತ್ಥನಾರಾಯಣ ಸೆಟ್ಟಿ ಪ್ರಕರಣದಲ್ಲಿ, ಸೇವೆಗೂ ಶುಲ್ಕಕ್ಕೂ ಕಾಸಿಗೆ ಕಾಸು ತಾಳೆಯಾಗಬೇಕಿಲ್ಲ, ಸ್ಥೂಲವಾದ ಹೊಂದಿಕೆಯಿದ್ದರೆ ಸಾಕು ಎಂಬ ಅಭಿಪ್ರಾಯಕ್ಕೆ ಸರ್ವೋಚ್ಚ ನ್ಯಾಯಾಲಯವೇ ಬಂದಿತು. ಸಡಿಲವಾದರೂ ಗಂಟು ಬಿಚ್ಚಿಹೋಗಿಲ್ಲ: ನಕಲಿನ ಶುಲ್ಕವು ನಕಲಿನ ವೆಚ್ಚವನ್ನು ಮರೆತು ಬೆಳೆಯುವುದಕ್ಕೆ ನ್ಯಾಯಶಾಸ್ತ್ರದ ಸಮ್ಮತಿಯಿಲ್ಲ.

ಇಂಗ್ಲೆಂಡಿನ ಬೆಂಥಮನು 1790ರ ದಶಕದಲ್ಲಿಯೇ ವ್ಯಾಜ್ಯದ ಮೇಲಣ ತೆರಿಗೆಗಳನ್ನು ಖಂಡಿಸಿ ಒಂದು ಪ್ರಬಂಧವನ್ನು ಬರೆದನು. ಮನುಷ್ಯನು ಕಷ್ಟಕ್ಕೆ ಸಿಕ್ಕಿಬಿದ್ದ ಹೊತ್ತನ್ನೇ ನೋಡಿ ಅವನ ಮೇಲೆ ಬೀಳುವ ತೆರಿಗೆ ಇದು ಎಂಬುದು ಅವನ ವಾದದ ಸಾರ. ಅದೇ ದಶಕದಲ್ಲಿ ಬಂಗಾಳದಲ್ಲಿ ಕಾರ್ನ್‌ವಾಲಿಸನು ನ್ಯಾಯಾಲಯ ಶುಲ್ಕವನ್ನು ತೆಗೆದುಹಾಕಿದನು. ಎರಡು ವರ್ಷ ಕಳೆಯುವುದರೊಳಗೆ, ಹುರುಳಿಲ್ಲದ ದಾವೆಗಳನ್ನು ತಡೆಯಬೇಕೆಂಬ ನೆಪದಿಂದ ಅದು ಮರಳಿ ಬಂದಿತು. ಆ ನೆಪವನ್ನು ಹೇಳಿದ ಶಾಸನದ ಪೀಠಿಕೆಯನ್ನು ಮುಂದೆ ಮೆಕಾಲೆಯು ಬಹಳವಾಗಿ ಹಾಸ್ಯಮಾಡಿದನು. ಶುಲ್ಕವು ಸುಳ್ಳು ದಾವೆಯನ್ನು ತಡೆಯುವಷ್ಟೇ ಸುಲಭವಾಗಿ ನಿಜವಾದ ದಾವೆಯನ್ನೂ ತಡೆಯುತ್ತದೆಂಬುದು ಅವನಿಗೆ ಕಂಡಿತ್ತು. ನಮ್ಮದೇ ಕಾಲದಲ್ಲಿ ಸೆಟಲ್ವಾಡ್ ಅವರ ಅಧ್ಯಕ್ಷತೆಯ ಕಾನೂನು ಆಯೋಗವು 1958ರ ತನ್ನ ಹದಿನಾಲ್ಕನೆಯ ವರದಿಯಲ್ಲಿ, ನ್ಯಾಯಾಡಳಿತವನ್ನು ರಾಜ್ಯವು ಲಾಭದ ಮೂಲವಾಗಿ ಮಾಡಿಕೊಳ್ಳುವುದು ಸಲ್ಲದೆಂದು ಹೇಳಿತು. ದಾವೆಯ ಶುಲ್ಕವನ್ನು ಕುರಿತು ಈ ಎಲ್ಲ ಚರ್ಚೆ ನಡೆದಷ್ಟು, ದಾವೆಗೆ ಮೊದಲು ಹಕ್ಕಿದೆಯೋ ಇಲ್ಲವೋ ಎಂದು ನೋಡಿಕೊಳ್ಳುವುದಕ್ಕೆ ಬೇಕಾದ ಕಾಗದದ ಶುಲ್ಕವನ್ನು ಕುರಿತು ನಡೆದಿಲ್ಲ. ಕಾಗದವು ಸಕಾಲದಲ್ಲಿ ಸಿಕ್ಕಿದ್ದರೆ ಎಷ್ಟೋ ದಾವೆಗಳು ಹುಟ್ಟುತ್ತಲೇ ಇರಲಿಲ್ಲ.

ಈಗ ನನ್ನ ಮುಖ್ಯವಾದ ಮಾತಿಗೆ ಬರುತ್ತೇನೆ. ಹಳೆಯ ದಾಖಲೆಯ ಪ್ರತಿಯನ್ನು ಕೊಡುವಲ್ಲಿ ಎರಡು ಬೇರೆ ಬೇರೆ ಶ್ರಮಗಳಿವೆ: ಹುಡುಕುವುದು ಒಂದು, ನಕಲೆತ್ತುವುದು ಮತ್ತೊಂದು. ನಮ್ಮ ಶುಲ್ಕದ ಪದ್ಧತಿಯು ರೂಪುಗೊಂಡ ಕಾಲದಲ್ಲಿ ಎರಡನೆಯದೇ ದೊಡ್ಡದಾಗಿತ್ತು. ನಕಲು ಗುಮಾಸ್ತನು ಮೂಲವನ್ನು ಎಡಗಡೆ ಬಿಚ್ಚಿಟ್ಟುಕೊಂಡು, ಛಾಪಾಕಾಗದದ ಮೇಲೆ ಉಕ್ಕಿನ ಮುಳ್ಳಿನ ಲೇಖನಿಯಿಂದ ಪದಪದವಾಗಿ ಬರೆದು, ಮತ್ತೊಬ್ಬನು ಓದುತ್ತಿರಲು ತಾನು ಒಪ್ಪನೋಡಿ, ತಿದ್ದಿದ ಕಡೆಗಳಲ್ಲೆಲ್ಲ ಸಹಿ ಹಾಕಬೇಕಾಗಿತ್ತು. ಪದಗಳ ಸಂಖ್ಯೆಯ ಮೇಲೆ ಬೆಲೆಯನ್ನು ಕಟ್ಟಿದ್ದು ಆ ಶ್ರಮಕ್ಕೆ ಸರಿಯಾದ ಅಳತೆಯೇ ಆಗಿತ್ತು. ಹುಡುಕುವ ಕೆಲಸವೋ, ದಾಖಲೆಗಳು ಕಡಮೆಯಿದ್ದು, ದಫ್ತರದ ಮನುಷ್ಯನು ಅಲ್ಲಿಯೇ ಮುದುಕನಾದವನಾಗಿದ್ದುದರಿಂದ, ಅವನ ನೆನಪಿನಲ್ಲಿಯೇ ಮುಗಿದುಹೋಗುತ್ತಿತ್ತು. ಈಗ ಈ ಎರಡರ ಸ್ಥಾನಗಳು ಅದಲುಬದಲಾಗಿವೆ. ಬೆರಳಚ್ಚು ಯಂತ್ರ ಬಂದಿತು, ಜೆರಾಕ್ಸ್ ಬಂದಿತು, ಸ್ಕ್ಯಾನರ್ ಬಂದಿತು. ಒಂದು ಪುಟದ ನಕಲೆಂಬುದು ಕ್ಷಣದ ಕೆಲಸವಾಯಿತು. ಹುಡುಕುವುದೋ ದಿನೇದಿನೇ ಕಷ್ಟವಾಗುತ್ತ ಬಂದಿತು.

ಏಕೆಂದರೆ ತಾಲ್ಲೂಕುಗಳು ಒಡೆದವು, ಹೊಸ ನ್ಯಾಯಾಲಯಗಳು ಸ್ಥಾಪಿತವಾದುವು, ಹಳೆಯ ಕಡತಗಳು ಅರ್ಧ ಅಲ್ಲಿ ಅರ್ಧ ಇಲ್ಲಿ ಉಳಿದವು. ನೋಂದಣಿ ಕಚೇರಿಯಲ್ಲಿ ಒಂದನೆಯ ಸೂಚಿಯು ಬರೆದುಕೊಟ್ಟವರ ಮತ್ತು ಬರೆಸಿಕೊಂಡವರ ಹೆಸರಿನಿಂದಲೂ ಎರಡನೆಯ ಸೂಚಿಯು ಆಸ್ತಿಯ ವಿವರದಿಂದಲೂ ನಡೆಯುತ್ತವೆ. ಪೋಡಿಯಾಗಿ ಸರ್ವೆ ನಂಬರು ಹಿಸ್ಸೆಗಳಾಗಿ ಸೀಳಿದ ಮೇಲೆ, ಗ್ರಾಮವು ನಗರಸಭೆಯೊಳಗೆ ಸೇರಿ ಖಾತೆ ನಂಬರು ಬದಲಾದ ಮೇಲೆ, ಆಸ್ತಿಯ ಸೂಚಿಯನ್ನು ಹಿಡಿದು ಹಿಂದಕ್ಕೆ ಹೋಗುವವನ ದಾರಿ ನಡುವೆಯೇ ಕಡಿದುಹೋಗುತ್ತದೆ. ಹೆಸರಿನ ಸೂಚಿಯನ್ನು ಹಿಡಿಯೋಣವೆಂದರೆ ಒಂದೇ ಊರಿನಲ್ಲಿ ತಂದೆಯ ಹೆಸರೂ ಸೇರಿ ಒಂದೇ ಆಗಿರುವ ನಾಲ್ವರು ತಿಮ್ಮೇಗೌಡರಿರುತ್ತಾರೆ. ಹಳ್ಳಿಯ ಲೆಕ್ಕವನ್ನೆಲ್ಲ ತಲೆಮಾರುಗಳಿಂದ ಇಟ್ಟುಕೊಂಡು ಬಂದಿದ್ದ ಶಾನುಭೋಗಿಕೆಯು 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯು 1963ರಲ್ಲಿ ಜಾರಿಗೆ ಬಂದಾಗ ಕೊನೆಗೊಂಡಿತು. ವಂಶಪಾರಂಪರ್ಯದ ಆ ಅಧಿಕಾರ ಹೋದದ್ದು ಒಳ್ಳೆಯದೇ ಆಯಿತೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದರೊಡನೆ, ಯಾವ ಗಂಟಿನಲ್ಲಿ ಯಾವ ಕಾಗದವಿದೆಯೆಂಬ ತಿಳಿವಳಿಕೆಯೂ ಹೊರಟುಹೋಯಿತು. ಉಳಿದುದರಲ್ಲಿ ಗೆದ್ದಲಿನ ಪಾಲು ಗೆದ್ದಲಿಗೆ, ಸೋರುವ ಮಾಡಿನ ಪಾಲು ಮಳೆಗೆ. 1917ರ ದಾಖಲೆಗಳ ನಾಶ ಕಾಯಿದೆಯಂತೆ, ಅವಧಿ ತೀರಿದ ಕಾಗದಗಳನ್ನು ನಿಯಮಾನುಸಾರವಾಗಿ ಸುಡುವುದೂ ಉಂಟು. ತೀರ್ಪು ಡಿಕ್ರಿಗಳು ಉಳಿದರೂ ಅವುಗಳಿಗೆ ಆಧಾರವಾಗಿದ್ದ ಹೇಳಿಕೆಗಳೂ ನಿಶಾನೆ ಹಾಕಿದ ಕಾಗದಗಳೂ ಹಾಗೆ ಹೋಗಿರುತ್ತವೆ.

ಪರಿಸ್ಥಿತಿ ಹೀಗಿರುವಲ್ಲಿ ನಮ್ಮ ಶುಲ್ಕದ ಪಟ್ಟಿಗಳು ಮಾತ್ರ ಇಂದಿಗೂ ಪುಟವನ್ನೇ ಎಣಿಸುತ್ತಿವೆ. ಪುಟದ ದರವನ್ನು ಇಳಿಸಿದರೆ ಪ್ರಜೆಗೆ ಉಪಕಾರವಾಯಿತೆಂದು ತಿಳಿಯುವುದು ಸಹಜ, ಮತ್ತು ಆ ದಿಕ್ಕಿನಲ್ಲಿ ಒಳ್ಳೆಯ ಕೆಲಸವೂ ಆಗಿದೆ. ಮಾಹಿತಿ ಹಕ್ಕಿನ ಕಾಯಿದೆಯ ಕೇಂದ್ರದ ನಿಯಮಗಳಲ್ಲಿ ಅರ್ಜಿಗೆ 10 ರೂಪಾಯಿ, ಪುಟವೊಂದಕ್ಕೆ 2 ರೂಪಾಯಿ. ಕೆಲವು ಉಚ್ಚ ನ್ಯಾಯಾಲಯಗಳು ತಮ್ಮ ನಿಯಮಗಳಲ್ಲಿ ಅರ್ಜಿಯ ಶುಲ್ಕವನ್ನೇ 500 ರೂಪಾಯಿಯವರೆಗೆ ಏರಿಸಿದ್ದಾಗ, ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ, ಸಾಮಾನ್ಯವಾಗಿ ಅರ್ಜಿಗೆ 50 ರೂಪಾಯಿಯನ್ನೂ ಪುಟಕ್ಕೆ 5 ರೂಪಾಯಿಯನ್ನೂ ಮೀರಕೂಡದೆಂದು ಮಿತಿಯನ್ನು ಹಾಕಿತು. ಎರಡು ವರ್ಷಗಳ ಮೇಲೆ ಗುಜರಾತಿನಿಂದ ಬಂದ ಪ್ರಕರಣದಲ್ಲಿ ಅದೇ ನ್ಯಾಯಾಲಯವು, ನ್ಯಾಯಾಲಯದ ಕಡತಗಳ ದೃಢೀಕೃತ ಪ್ರತಿ ಬೇಕಾದವರು ಮಾಹಿತಿ ಹಕ್ಕಿನ ದಾರಿಯಲ್ಲಿ ಬಾರದೆ ಉಚ್ಚ ನ್ಯಾಯಾಲಯದ ನಿಯಮಗಳಂತೆಯೇ ಅರ್ಜಿ ಹಾಕಿಕೊಳ್ಳಬೇಕೆಂದು ಹೇಳಿತು. ಎರಡೂ ತೀರ್ಪುಗಳನ್ನು ಒಟ್ಟಿಗೆ ಓದಿದವನಿಗೆ, ಅಗ್ಗದ ಬಾಗಿಲನ್ನು ತೋರಿಸಿ ಹಳೆಯ ಬಾಗಿಲಿಗೇ ಕಳುಹಿಸಿದಂತೆ ಅನಿಸುವುದು ಸ್ವಾಭಾವಿಕ. ಆದರೂ ನನ್ನ ದೂರು ಅದಲ್ಲ. ಪುಟಕ್ಕೆ ಎರಡು ರೂಪಾಯಿಯೋ ಐದು ರೂಪಾಯಿಯೋ ಎಂಬ ಚರ್ಚೆಯು, ಪುಟವು ಸಿಕ್ಕಿದ ಮೇಲಿನ ಚರ್ಚೆ.

ಪುಟದ ಲೆಕ್ಕವು ಯಂತ್ರದ ಕಾಲದಲ್ಲಿ ಎಂಥ ಅಸಂಬದ್ಧಕ್ಕೆ ಮುಟ್ಟಬಹುದೆಂಬುದಕ್ಕೆ ಅಮೆರಿಕದಿಂದ ಒಂದು ದೃಷ್ಟಾಂತವನ್ನು ಕೊಡುತ್ತೇನೆ. ಅಲ್ಲಿ ಭೂಪತ್ರಗಳನ್ನು ಕಾಪಾಡುವುದು ಜಿಲ್ಲೆಗೆ ಸಮಾನವಾದ ಕೌಂಟಿಯ ಅಧಿಕಾರಿಯ ಕೆಲಸ. ಒಹಾಯೊ ರಾಜ್ಯದ ಕಯಹೋಗ ಕೌಂಟಿಯಲ್ಲಿ, ಭೂಮಿಯ ಹಕ್ಕುಗಳ ಮಾಹಿತಿಯನ್ನು ಮಾರುವ ಕಂಪನಿಗಳು ಎರಡು ತಿಂಗಳಲ್ಲಿ ದಾಖಲಾದ ಪತ್ರಗಳ ಬಿಂಬಗಳನ್ನು ಸಿ.ಡಿ.ಯಲ್ಲಿ ಕೊಡಬೇಕೆಂದು ಕೇಳಿದುವು. ಬಿಂಬಗಳು ಆಗಲೇ ಕಂಪ್ಯೂಟರಿನಲ್ಲಿದ್ದುವು. ಆದರೂ ಜೆರಾಕ್ಸ್ ಪ್ರತಿಗೆ ಶಾಸನವು ವಿಧಿಸಿದ್ದ ಪುಟಕ್ಕೆ 2 ಡಾಲರಿನ ಲೆಕ್ಕವನ್ನು ಹಿಡಿದು ಅಧಿಕಾರಿಯು ಎರಡು ಲಕ್ಷ ಡಾಲರಿಗೂ ಮಿಕ್ಕ ಬೆಲೆಯನ್ನು ಹೇಳಿದನು. 2012ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಇದನ್ನು ಒಪ್ಪಲಿಲ್ಲ: ಸಿ.ಡಿ.ಗೆ ತುಂಬಿಸುವುದು ಜೆರಾಕ್ಸ್ ಮಾಡಿದಂತಲ್ಲ, ಅದಕ್ಕೆ ತಗಲುವ ನಿಜವಾದ ವೆಚ್ಚವನ್ನಷ್ಟೇ ಕೇಳಬಹುದು ಎಂದಿತು. ತತ್ತ್ವವು ಗೆದ್ದಿತು, ಸಂತೋಷ. ಆದರೆ ಗೆಲುವಿನ ಫಲವನ್ನು ಉಂಡವರು ಸಗಟಾಗಿ ಕೊಂಡು ಚಿಲ್ಲರೆಯಾಗಿ ಮಾರುವ ವರ್ತಕರು ಎಂಬುದನ್ನು ಮರೆಯಲಾಗದು. ವಿಭಾಗದ ಡಿಕ್ರಿಯನ್ನು ಹುಡುಕಿಕೊಂಡು ಬರುವ ಹೆಣ್ಣುಮಗಳಿಗೂ ಇವರಿಗೂ ಒಂದೇ ದರವಿರಬೇಕೆಂಬುದು ಸಮತೆಯಂತೆ ಕಂಡರೂ ಸಮತೆಯಲ್ಲ.

ನಮ್ಮಲ್ಲಿಯೇ ಆದ ಒಂದು ದೊಡ್ಡ ಪ್ರಯೋಗವೆಂದರೆ ಭೂಮಿ ಯೋಜನೆ. ಈ ಶತಮಾನದ ಆರಂಭದಲ್ಲಿ ಕರ್ನಾಟಕವು ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಎರಡು ಕೋಟಿ ಪಹಣಿಗಳನ್ನು ಗಣಕೀಕರಿಸಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಒಂದರಂತೆ ಕೊಡತೊಡಗಿತು. 15 ರೂಪಾಯಿ ಹೆಚ್ಚಾಯಿತೆಂದು ಆಗ ಗೊಣಗಿದವರಿದ್ದರು. ಆದರೆ ರೈತರು ವಿಶೇಷವಾಗಿ ಗೊಣಗಲಿಲ್ಲ. ಅದಕ್ಕೆ ಹಿಂದೆ ಗ್ರಾಮಲೆಕ್ಕಿಗನ ಮನೆಯ ಜಗುಲಿಯ ಮೇಲೆ ಎಷ್ಟು ಕಾದರೆ, ಎಷ್ಟು ಕೊಟ್ಟರೆ ಪಹಣಿ ಬರುತ್ತಿತ್ತೆಂಬ ಲೆಕ್ಕ ಅವರಿಗೆ ಗೊತ್ತಿತ್ತು. ಇದರಿಂದ ಕಲಿಯತಕ್ಕದ್ದು ಏನೆಂದರೆ, ನ್ಯಾಯಬೆಲೆಯೆಂಬುದು ಅತಿ ಕಡಮೆಯಾದ ಬೆಲೆಯೇ ಆಗಿರಬೇಕಾಗಿಲ್ಲ. ತಿಳಿದಿರುವ, ಎಲ್ಲರಿಗೂ ಒಂದೇ ಆಗಿರುವ, ಕೊಟ್ಟೊಡನೆ ವಸ್ತುವು ಕೈಗೆ ಬರುವ ಬೆಲೆಯಾಗಿದ್ದರೆ ಜನರು ಅದನ್ನು ಸಂತೋಷದಿಂದ ಕೊಡುತ್ತಾರೆ. ಆದರೆ ಭೂಮಿ ಯೋಜನೆಯೊಳಕ್ಕೆ ಹೋದದ್ದು ಅಂದಿನ ಚಾಲ್ತಿ ಪಹಣಿ ಮಾತ್ರ. ಅದಕ್ಕೆ ಹಿಂದಿನ ಕೈಬರಹದ ಪಹಣಿಗಳೂ ಮ್ಯುಟೇಷನ್ ರಿಜಿಸ್ಟರುಗಳೂ ಭೂನ್ಯಾಯಮಂಡಳಿಯ ಮುಂದೆ ಹಾಕಿದ ಏಳನೆಯ ನಮೂನೆಯ ಅರ್ಜಿಗಳೂ ಇನಾಂ ರದ್ದಿಯಾತಿಯ ಕಡತಗಳೂ ಹಳೆಯ ಕೊಠಡಿಯಲ್ಲಿಯೇ ಉಳಿದುವು. ಅಲ್ಲಿ ಹಳೆಯ ಬೆಲೆಗಳೇ ನಡೆದುವು.

ಆ ಹಳೆಯ ಬೆಲೆಗಳ ವಿಷಯವನ್ನು ಎಲ್ಲರೂ ಬಲ್ಲರು, ಬಾಯಿಬಿಟ್ಟು ಹೇಳುವವರು ಕಡಮೆ. ಅರ್ಜಿಗೆ ಅಂಟಿಸುವ ಸ್ಟಾಂಪು ಅಲ್ಪ. ನೋಂದಣಿ ಕಚೇರಿಯಲ್ಲಿ ವರ್ಷದ ಲೆಕ್ಕದ ಮೇಲೆ ತೆಗೆದುಕೊಳ್ಳುವ ಶೋಧನಾಶುಲ್ಕವೂ ದೊಡ್ಡದಲ್ಲ. ಕೆಲವು ವಾರಗಳ ಮೇಲೆ ಬರುವುದು ಒಂದು ಹಿಂಬರಹ: "ಕೋರಿದ ದಾಖಲೆ ಲಭ್ಯವಿರುವುದಿಲ್ಲ." ಎಲ್ಲಿ ಹುಡುಕಿದರು, ಯಾವ ರಿಜಿಸ್ಟರನ್ನು ನೋಡಿದರು, ಯಾರು ನೋಡಿದರು ಎಂಬುದು ಅದರಲ್ಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಕುಳಿತ ಪತ್ರಬರಹಗಾರನೋ, ಕಚೇರಿಯ ಒಳಹೊರಗುಗಳನ್ನು ಬಲ್ಲ ಮಧ್ಯಸ್ಥನೋ ಆ ಹಿಂಬರಹವನ್ನು ಓದಿ ನಗುತ್ತಾನೆ, ಒಂದು ಮೊತ್ತವನ್ನು ಹೇಳುತ್ತಾನೆ. ಲಭ್ಯವಿಲ್ಲದ ದಾಖಲೆಯು ನಾಲ್ಕೇ ದಿನಗಳಲ್ಲಿ ಲಭ್ಯವಾಗುತ್ತದೆ. ಇದನ್ನು ಕೇವಲ ಲಂಚವೆಂದು ಬೈದು ಮುಗಿಸುವುದು ಸುಲಭ, ಆದರೆ ಅಷ್ಟರಿಂದ ವಿಷಯವು ತಿಳಿದಂತಾಗುವುದಿಲ್ಲ. ಆ ಮೊತ್ತದಲ್ಲಿ ಒಂದಂಶ ಲಂಚವಾದರೆ, ಇನ್ನೊಂದಂಶವು ಹುಡುಕುವ ಶ್ರಮದ ನಿಜವಾದ ಬೆಲೆ. ಯಾವ ಶ್ರಮಕ್ಕೆ ಸರ್ಕಾರವು ಜನವನ್ನೂ ಕೊಡಲಿಲ್ಲ, ಕಾಲವನ್ನೂ ಕೊಡಲಿಲ್ಲ, ಪಟ್ಟಿಯಲ್ಲಿ ಯುಕ್ತವಾದ ಸ್ಥಾನವನ್ನೂ ಕೊಡಲಿಲ್ಲವೋ ಆ ಶ್ರಮವು ಮರದ ಕೆಳಗೆ ತನ್ನ ಬೆಲೆಯನ್ನು ತಾನೇ ಕಟ್ಟಿಕೊಂಡಿದೆ.

ಹಾಗಾದರೆ ಹುಡುಕುವುದಕ್ಕೆ ಕಿಟಕಿಯಲ್ಲಿಯೇ ತಕ್ಕ ಬೆಲೆಯನ್ನಿಟ್ಟುಬಿಡೋಣವೇ ಎಂದು ಕೇಳಬಹುದು. ಆಡಳಿತದ ಅನುಭವವಿರುವ ಮಿತ್ರರು ಹೀಗೆ ವಾದಿಸುವುದನ್ನು ಕೇಳಿದ್ದೇನೆ, ಮತ್ತು ಅದು ಹಗುರವಾದ ವಾದವಲ್ಲ. ಆದರೆ ನಾನು ಒಪ್ಪಲಾರೆ. ಹುಡುಕುವುದು ಕಷ್ಟವಾದದ್ದು ಯಾರಿಂದ? ದಾಖಲೆಯನ್ನು ಸೂಚಿಯೊಡನೆ, ಕ್ರಮವಾಗಿ, ಗೆದ್ದಲು ಹತ್ತದಂತೆ ಇಡುವ ಹೊಣೆಯು ಅದನ್ನು ವಶದಲ್ಲಿಟ್ಟುಕೊಂಡವನದು. ಆ ಹೊಣೆಯು ತಪ್ಪಿದುದರಿಂದ ಹೆಚ್ಚಿದ ಶ್ರಮವನ್ನು ಕೇಳಬಂದವನ ಲೆಕ್ಕಕ್ಕೆ ಬರೆಯುವುದು, ಅಗಸನು ಬಟ್ಟೆಗಳನ್ನು ಕಲಸಿಬಿಟ್ಟು, ಆರಿಸಿ ಕೊಡುವುದಕ್ಕೆ ಪ್ರತ್ಯೇಕ ಕೂಲಿಯನ್ನು ಕೇಳಿದಂತೆ. ವರ್ಷಗಳನ್ನು ಎಣಿಸಿ ಶೋಧನಾಶುಲ್ಕವನ್ನು ಹಾಕುವ ಪದ್ಧತಿಯಲ್ಲಿಯೂ ಇದೇ ಅನ್ಯಾಯವು ಸೂಕ್ಷ್ಮವಾಗಿ ಅಡಗಿದೆ: ಪತ್ರವು ಹಳೆಯದಾದಷ್ಟೂ, ಕೇಳುವವನು ವರ್ಷವನ್ನು ನಿಖರವಾಗಿ ಹೇಳಲಾರದವನಾದಷ್ಟೂ ಅವನು ಹೆಚ್ಚು ಕೊಡಬೇಕು. ಮೊದಲೇ ಹೇಳಿದಂತೆ ಅವನೇ ಬಡವನು.

ಆದುದರಿಂದ ಶೋಧನೆಯ ಭಾರವನ್ನು ರಾಜ್ಯವು ಹೊತ್ತು, ನಕಲಿಗೆ ಮಾತ್ರ ಅದರ ನೈಜ ವೆಚ್ಚವನ್ನು ತೆಗೆದುಕೊಳ್ಳುವುದು ಯುಕ್ತವೆಂದು ನನ್ನ ಮತ. ಇದಕ್ಕೆ ಹಣವೆಲ್ಲಿಂದ ಎಂದರೆ, ದಾಖಲೆಯನ್ನು ವ್ಯಾಪಾರಕ್ಕಾಗಿ ನಿತ್ಯವೂ ಬಳಸುವವರಿಂದ. ಸಾಲ ಕೊಡುವ ಮುನ್ನ ಹದಿಮೂರೋ ಮೂವತ್ತೋ ವರ್ಷಗಳ ಋಣಭಾರ ಪತ್ರವನ್ನು ಬಯಸುವುದು ಬ್ಯಾಂಕು. ಓಡಾಡಿ ಅದನ್ನು ತರುವುದೂ ಶುಲ್ಕವನ್ನು ಕಟ್ಟುವುದೂ ಸಾಲಗಾರ. ಭಾರಿ ನಿವೇಶನ ಬಡಾವಣೆಗಳನ್ನು ಕಟ್ಟುವವರಿಗೆ ನೂರಾರು ಸರ್ವೆ ನಂಬರುಗಳ ಪೂರ್ವಚರಿತ್ರೆ ಬೇಕು. ಇಂಥವರು ವರ್ಷಕ್ಕಿಷ್ಟೆಂದು ಚಂದಾ ಕೊಟ್ಟು ಬಳಸಲಿ. ತನ್ನದೇ ಆಸ್ತಿಯ ಅಥವಾ ತನ್ನ ಕುಟುಂಬದ ಆಸ್ತಿಯ ಕಾಗದವನ್ನು ಕೇಳುವವನಿಗೆ ಅವರ ದರವು ಅನ್ವಯಿಸಕೂಡದು. ಬಡತನದ ರೇಖೆಗಿಂತ ಕೆಳಗಿರುವವರಿಗೆ ಮಾಹಿತಿ ಹಕ್ಕಿನ ಕಾಯಿದೆಯು ಕೊಟ್ಟಿರುವ ವಿನಾಯಿತಿಯನ್ನು ಇಲ್ಲಿಗೂ ವಿಸ್ತರಿಸಬೇಕು.

ಒಂದು ಆಕ್ಷೇಪವಿದೆ. ಶೋಧನೆಯು ಬಿಟ್ಟಿಯಾದರೆ, "ನಮ್ಮ ತಾತನ ಹೆಸರಿನಲ್ಲಿರುವ ಕಾಗದವನ್ನೆಲ್ಲ ಕೊಡಿ" ಎಂಬ ಒಕ್ಕಣೆಯ ಅರ್ಜಿಗಳು ಬಂದು, ಇಬ್ಬರು ಗುಮಾಸ್ತರಿರುವ ಕಚೇರಿಯು ಬೇರೆ ಕೆಲಸವನ್ನೇ ಮಾಡಲಾರದೆ ಹೋದೀತು. ಇದು ನಿಜವೇ. ಇಂಥವರಿಗೆ ಉತ್ತರವು ನೋಂದಣಿ ಕಾಯಿದೆಯ 57ನೆಯ ಪ್ರಕರಣದಲ್ಲಿಯೇ ಇದೆ: ಪುಸ್ತಕವು ತೆರೆದಿದೆ, ತಾವೇ ಕುಳಿತು ನೋಡಿಕೊಳ್ಳಲಿ. ಹಿಂದೆ ಹೀಗೆ ಬಿಟ್ಟರೆ ಹಾಳೆ ಹರಿಯುವ, ಅಕ್ಷರ ತಿದ್ದುವ ಭಯವಿತ್ತು. ಅದು ಕಲ್ಪನೆಯ ಭಯವೂ ಆಗಿರಲಿಲ್ಲ. ಈಗ ಮೂಲವನ್ನು ಮುಟ್ಟಿಸದೆ ಅದರ ಬಿಂಬವನ್ನು ತೋರಿಸಬಹುದಾಗಿದೆ. ಇತ್ತೀಚೆಗೆ ಕಂದಾಯ ಇಲಾಖೆಯು "ಭೂ ಸುರಕ್ಷಾ" ಎಂಬ ಹೆಸರಿನಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸುತ್ತಿರುವುದು ಸ್ವಾಗತಾರ್ಹವಾದ ಕಾರ್ಯ. ಆದರೆ ಚಿತ್ರವನ್ನು ತೆಗೆದ ಮಾತ್ರಕ್ಕೆ ದಾಖಲೆಯು ಸಿಕ್ಕುವಂತಾಗುವುದಿಲ್ಲ. ಸರ್ವೆ ನಂಬರಿನ ಹಳೆಯ ಹೊಸ ಸಂಬಂಧವನ್ನು ತೋರಿಸುವ ಸೂಚಿಯಿಲ್ಲದೆ ಕೋಟಿಗಟ್ಟಲೆ ಬಿಂಬಗಳನ್ನು ಪೇರಿಸಿದರೆ, ಕೊಠಡಿಯಲ್ಲಿದ್ದ ಅವ್ಯವಸ್ಥೆಯು ಕಂಪ್ಯೂಟರಿಗೆ ವರ್ಗವಾಗುತ್ತದೆ, ಅಷ್ಟೆ.

ಹಿಂಬರಹದ ವಿಷಯವಾಗಿ ಇನ್ನೆರಡು ಮಾತು. ಮೂಲವು ಕಳೆದುಹೋಗಿದೆಯೆಂದು ಸಿದ್ಧವಾದಲ್ಲಿ ದ್ವಿತೀಯಕ ಸಾಕ್ಷ್ಯವನ್ನು ಹಾಜರುಪಡಿಸಲು ಸಾಕ್ಷ್ಯ ಕಾನೂನು ಅನುಮತಿಯನ್ನು ಕೊಡುವುದರಿಂದ, "ಲಭ್ಯವಿಲ್ಲ" ಎಂಬ ಹಿಂಬರಹವೇ ಒಂದು ಪುರಾವೆ. ಆದುದರಿಂದ ನೋಡಿದ ರಿಜಿಸ್ಟರುಗಳ ಹೆಸರು, ವರ್ಷಗಳು, ಹುಡುಕಿದ ನೌಕರನ ಸಹಿ ಇವಿಷ್ಟೂ ಇಲ್ಲದ ಹಿಂಬರಹಕ್ಕೆ ಶುಲ್ಕವನ್ನು ತೆಗೆದುಕೊಳ್ಳುವುದು ಕೊಡದ ಪದಾರ್ಥಕ್ಕೆ ಬೆಲೆಯನ್ನು ಪಡೆದಂತೆಯೇ ಸರಿ. ಆ ಹಣವನ್ನು ಹಿಂದಿರುಗಿಸಬೇಕು. ವಿಳಂಬಕ್ಕೂ ಬೆಲೆಯಿದೆಯೆಂಬ ತತ್ತ್ವವನ್ನು ನಮ್ಮ ರಾಜ್ಯವು 2011ರ ಸಕಾಲ ಕಾಯಿದೆಯಲ್ಲಿಯೇ ಒಪ್ಪಿಕೊಂಡಿದೆ: ಗಡುವು ಮೀರಿದ ದಿನವೊಂದಕ್ಕೆ 20 ರೂಪಾಯಿಯಂತೆ, 500 ರೂಪಾಯಿಗೆ ಮೀರದಂತೆ ಅರ್ಜಿದಾರನಿಗೆ ಪರಿಹಾರ. ಮೊತ್ತವು ಸಣ್ಣದು, ಕೇಳಿ ಪಡೆದವರೂ ವಿರಳ. ಕೇಳಿದವನಿಗೆ ಮುಂದಿನ ಸಲ ಅದೇ ಕಿಟಕಿಯಲ್ಲಿ ಎಂಥ ಸ್ವಾಗತವಿರುತ್ತದೆಂಬುದನ್ನು ಎಲ್ಲರೂ ಊಹಿಸಬಲ್ಲರು. ಅರ್ಜಿದಾರನು ಕೇಳದೆಯೇ ಅದು ತಾನಾಗಿ ಅವನ ಖಾತೆಗೆ ಸೇರುವಂತೆ ಮಾಡುವುದು ಇಂದಿನ ಯಂತ್ರಸೌಕರ್ಯದಲ್ಲಿ ಕಷ್ಟವಲ್ಲ.

ಕೊನೆಯದಾಗಿ, ಹುಡುಕಿ ನಕಲೆತ್ತಿದ ಮೇಲೂ ತೀರದ ಒಂದು ವೆಚ್ಚವಿದೆ. ಅದು ಓದಿಸುವ ವೆಚ್ಚ. ಹಳೆಯ ಮೈಸೂರಿನವರಿಗೆ ಇದರ ಅರಿವು ಕಡಮೆ, ಏಕೆಂದರೆ ಅವರ ಕಂದಾಯದ ಕಾಗದಗಳು ಬಹುಮಟ್ಟಿಗೆ ಕನ್ನಡದಲ್ಲಿವೆ. ಬೆಳಗಾವಿ, ಧಾರವಾಡ, ವಿಜಯಪುರಗಳ ಕಡೆ ಹಳೆಯ ಪತ್ರಗಳು ಮೋಡಿ ಲಿಪಿಯಲ್ಲಿವೆ. ಕಲಬುರಗಿ, ಬೀದರ, ರಾಯಚೂರುಗಳಲ್ಲಿ ನಿಜಾಮನ ಆಳಿಕೆಯ ಸೇತ್ವಾರುಗಳೆಂಬ ಭೂದಾಖಲೆಗಳು ಉರ್ದುವಿನಲ್ಲಿವೆ. ಪ್ರತಿಯನ್ನು ಶುಲ್ಕ ಕೊಟ್ಟು ಪಡೆದ ರೈತನಿಗೆ ಅದು ತನ್ನ ಹೊಲದ ಕಾಗದವೆಂಬುದು ಕೂಡ ಗೊತ್ತಾಗುವುದಿಲ್ಲ. ಮೋಡಿಯನ್ನು ಓದಬಲ್ಲವರು ಬೆರಳೆಣಿಕೆಯಷ್ಟಾಗಿರುವುದರಿಂದ ಅವರು ಹೇಳಿದ್ದೇ ದರ. ಅದೇ ಕಾಗದವನ್ನು ಅಣ್ಣನು ಒಮ್ಮೆ ಹಣ ಕೊಟ್ಟು ಓದಿಸುತ್ತಾನೆ, ತಮ್ಮನು ಮತ್ತೊಮ್ಮೆ, ಹೊಲವನ್ನು ಕೊಂಡವನು ಮಗದೊಮ್ಮೆ. ಸರ್ಕಾರವು ಲಿಪಿಜ್ಞರನ್ನು ವೇತನದ ಮೇಲೆ ನೇಮಿಸಿ, ಮೊದಲನೆಯ ಸಲ ಒಬ್ಬರು ಕೇಳಿದಾಗ ಕನ್ನಡದಲ್ಲಿ ಬರೆಯಿಸಿದ ದೃಢೀಕೃತ ಲಿಪ್ಯಂತರವನ್ನು ಮೂಲದ ಕಡತದಲ್ಲಿಯೇ ಸೇರಿಸಿ ಹೊಲಿದಿಟ್ಟರೆ, ಅನಂತರ ಬಂದವರು ನಕಲಿನ ಪುಟಕ್ಕೆ ಕೊಡುವ ಹಣದಲ್ಲಿಯೇ ಅದನ್ನೂ ಪಡೆಯಬಹುದು. ಇದಕ್ಕೆ ಯಾವ ಕಾಯಿದೆಯ ತಿದ್ದುಪಡಿಯೂ ಬೇಕೆಂದು ನನಗೆ ತೋರುವುದಿಲ್ಲ. ಇಲಾಖೆಯ ಸುತ್ತೋಲೆಯೊಂದು ಸಾಕು, ಮತ್ತು ಲಿಪಿಯನ್ನು ಬಲ್ಲ ಹಿರಿಯರು ಇನ್ನೂ ಇರುವಾಗಲೇ ಅದು ಹೊರಡಬೇಕು.